ಶ್ವೇತಾ ತಿರುಗಿ ಹೇಳದ ಸಾಲು

ಮೈಕು ಕೆಟ್ಟಿತ್ತು ಎಂದು ಎಲ್ಲರೂ ಹೇಳಿದರು. ಸುಳ್ಳು. ಶ್ವೇತಾ ಬೇಕೆಂದೇ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ನನ್ನ ಮೊಮ್ಮಗಳು ನಯನಾ ಮತ್ತು ತದಡಿಯ ಶ್ವೇತಾ ಗಿಟಾರ್ ಹಿಡಿದು ತಮ್ಮದೇ ಹಾಡು ಕಟ್ಟಿ ಊರೂರಲ್ಲಿ ಹಾಡುತ್ತಾರೆ. ಮೊನ್ನೆ ಕುಮಟೆಯಲ್ಲಿ, ನಾವು ಗದ್ದೆ ನೆಡುವಾಗ ಹೇಳುವ ಪದದ ಮೇಲೆ ಕಟ್ಟಿದ ಹಾಡು ಶುರು ಮಾಡಿದರು. ಅದರಲ್ಲಿ ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ತಿರುಗಿ ಹೇಳಬೇಕು. ಅಷ್ಟರಲ್ಲಿ ಮೊದಲಿನವಳು ಉಸಿರು ತೆಗೆದುಕೊಳ್ಳುತ್ತಾಳೆ. ನಯನಾ ಎತ್ತಿದಳು. ಶ್ವೇತಾ ಹೇಳಲಿಲ್ಲ.

"ಎಂತಾತೇ ನಿಂಗೆ?" ಎಂದು ಮುಂದಿನ ಕುರ್ಚಿಯಿಂದಲೇ ಕೇಳಿದೆ.

ಅವಳು ಮೈಕಿಗೆ ಕೈ ಮುಚ್ಚಿ, "ಗೋವಾಕ್ಕೆ ಒಬ್ಳೇ ಹೋಗ್ತಾಳಂತಲ್ಲ ಅಜ್ಜಿ, ಇಲ್ಲೂ ಒಬ್ಳೇ ಹಾಡ್ಲಿ" ಎಂದು ಇಳಿದು ಹೋದಳು.

ಗೋವಾದವರು ಹಾಡಲು ನಯನಾಳನ್ನು ಮಾತ್ರ ಕರೆದದ್ದು, ಅದಕ್ಕೆ ನಯನಾ ಹೂಂ ಅಂದದ್ದು ನನಗೆ ಗೊತ್ತಾದದ್ದೇ ಆಗ. ಎತ್ತಿದ ಪದವನ್ನು ನಡುವೆ ಬಿಡುವ ರೂಢಿ ನಮ್ಮಲ್ಲಿಲ್ಲ. ಎದ್ದು ನಿಂತು ಶ್ವೇತಾಳ ಸಾಲುಗಳನ್ನೆಲ್ಲ ನಾನೇ ಹೇಳಿ ಮುಗಿಸಿದೆ. ಜನ ಚಪ್ಪಾಳೆ ಹೊಡೆದರು.

ದಾರಿಯಲ್ಲಿ ನಯನಾ, "ಇನ್ನು ನೀನೇ ಬಾ ಅಜ್ಜಿ, ಅವಳೆಂತಕ್ಕೆ?" ಎಂದಳು.

"ನಾ ಸತ್ತ ಮೇಲೆ ಯಾರನ್ನ ಕರೀತೆ?" ಎಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ತದಡಿಗೆ ಎಳೆದುಕೊಂಡು ಹೋದೆ. ಶ್ವೇತಾಳ ಎದುರೇ ಗೋವಾಕ್ಕೆ ಫೋನ್ ಮಾಡಿಸಿ, ಬಂದರೆ ಇಬ್ಬರೂ, ಇಲ್ಲವಾದರೆ ಯಾರೂ ಇಲ್ಲ ಎಂದು ಹೇಳಿಸಿದೆ. ಅವರು ಎಂತ ಹೇಳಿದರೋ ನಾನು ಕೇಳಲಿಲ್ಲ. ಇಬ್ಬರನ್ನೂ ಅಂಗಳದಲ್ಲಿ ಕೂರಿಸಿ, ಹಿಂದಿನ ದಿನ ಶ್ವೇತಾ ಬಿಟ್ಟ ಸಾಲಿನಿಂದಲೇ ಪದ ಎತ್ತಿಸಿದೆ.