ಶಾಣ್ಯಾ ಎಂದದ್ದೇ ತಪ್ಪಾಯಿತು

ಕಳೆದ ಭಾನುವಾರ, ಬೆಳಗ್ಗೆ ಆರು ಗಂಟೆ. ಮುಂಬಯಿಯ ಸಾಂತಾಕ್ರೂಜ್‌ನ ಚಾಳಿನಲ್ಲಿ ನಮ್ಮದೊಂದು ಖೋಲಿ, ಅಂದರೆ ಒಂದೇ ಕೋಣೆಯ ಮನೆ. ಇದ್ದವರು ನಾನು, ಮಗ, ಸೊಸೆ ಕಮಲಾ, ಎಂಟು ವರ್ಷದ ಮೊಮ್ಮಗ ವಸಂತ. ಮಗನ ಕೈ ಮೇಲೆದ್ದಿತ್ತು. ಏಟು ಬೀಳುವುದೊಂದೇ ಬಾಕಿ.

ಅಪರಾಧ? ನಳದಲ್ಲಿ ನೀರು ಬಂದಿದೆ, ಹುಡುಗ ಬಾಲ್ದಿ ಮುಟ್ಟಲೊಲ್ಲ.

ವಿಚಿತ್ರವೆಂದರೆ, ಹಿಂದಿನ ವಾರ ಯಾರೂ ಹೇಳದೆ ತಾನೇ ಎದ್ದು ನೀರು ತಂದಿದ್ದ!

ಮಕ್ಕಳನ್ನು ದಾರಿಗೆ ತರುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೂರು ಮತ. ಮಗನದು ಏಟು. ಸೊಸೆಯದು ಪೆಪ್ಪರಮಿಂಟು (ನಾನು ಅದನ್ನು ಲಂಚ ಎನ್ನುತ್ತೇನೆ). ನನ್ನದು ಹೊಗಳಿಕೆ. ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಂಟೆಯ ಸದ್ದಿಗೆ ಏಳುತ್ತ ಕೂರುತ್ತ ಪಾಠ ಹೇಳಿದವಳು ನಾನು. ಒಳ್ಳೆಯ ಕೆಲಸವನ್ನು ಕೂಡಲೇ, ನಾಲ್ಕು ಜನರೆದುರು, ಗಟ್ಟಿಯಾಗಿ ಹೊಗಳಬೇಕು. ಹಾಗೇ ಮಾಡಿದ್ದೆ. ನಳದ ಮುಂದೆ ಇಡೀ ಚಾಳಿಗೆ ಕೇಳುವಂತೆ, "ನಮ್ಮ ವಸಂತ ಭಾಳ ಶಾಣ್ಯಾ ಆಗ್ಯಾನ ನೋಡ್ರಿ!" ಎಂದಿದ್ದೆ.

ಮರುದಿನ ಹುಡುಗ ತಡವಾಗಿ ಎದ್ದು, ಒಲ್ಲದ ಮನಸ್ಸಿನಿಂದ ನೀರು ತಂದ. ಹೊಗಳಿಕೆ ಸಾಲಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಹೊಗಳಿದೆ. ಆಮೇಲೆ ಅವನು ನಳದ ಕಡೆ ತಲೆಯೇ ಹಾಕಲಿಲ್ಲ.

"ಹೊಡೀಬ್ಯಾಡಪ್ಪಾ!" ಹೊದಿಕೆಯೊಳಗಿಂದಲೇ ವಸಂತ ಅತ್ತ. "ಅಜ್ಜೀನ್ನ ಕೇಳು. ನೀರು ತಂದ್ರೂ ಬೈತಾಳ."

"ನಾ ಯಾವಾಗ ಬೈದೆನೋ?"

"ಸಬ್ ಕೇ ಸಾಮ್ನೆ ಶಾಣ್ಯಾ ಅಂದೀಯಲ್ಲ! ಈಗ ಪೋರಗೋಳೆಲ್ಲಾ 'ಏ ಶಾಣ್ಯಾ, ಪಾಣಿ ಭರ್' ಅಂತ ನಕ್ಕು ಚಿಡಾಯಸ್ತಾರ."

ಮುಂಬಯಿಯಲ್ಲೇ ಬೆಳೆದ ಸೊಸೆ ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅತ್ತೀ, ನಿಮ್ಮ ಧಾರವಾಡದಾಗ ಶಾಣ್ಯಾ ಅಂದ್ರ ಜಾಣ. ಇಲ್ಲಿ ಪೋರಗೋಳ ಬಾಯಾಗ 'ಬಂದ್ನಪಾ ದೊಡ್ಡ ಬುದ್ಧಿವಂತ' ಅಂತ ಹಂಗಿಸಿದಂಗ."

ಐವತ್ತಾರರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚುವ ತನಕ, ಮೊನ್ನೆ ಮೊನ್ನೆಯವರೆಗೆ, ಧಾರವಾಡವೂ ಮುಂಬಯಿಯೂ ಒಂದೇ ರಾಜ್ಯದಲ್ಲಿದ್ದವು. ಈ ಪದ ಮಾತ್ರ ಅದಕ್ಕೂ ಮೊದಲೇ ಬೇರೆ ಮನೆ ಮಾಡಿತ್ತು!

ಮಗನ ಕೈ ಕೆಳಗಿಳಿಯಿತು. ಅವನೂ ನಕ್ಕ. ನನಗೆ ನಗು ಬರಲಿಲ್ಲ. ಎರಡೆರಡು ಸಲ ಎಲ್ಲರೆದುರು ಮಗುವಿನ ಮರ್ಯಾದೆ ಕಳೆದು, ಅದನ್ನೇ ಪ್ರೋತ್ಸಾಹ ಎಂದುಕೊಂಡಿದ್ದೆನಲ್ಲ? ಏಟು ಏಟೆಂದು ಹೊಡೆದವರಿಗಾದರೂ ಗೊತ್ತಿರುತ್ತದೆ. ನನಗೆ ಅದೂ ಗೊತ್ತಿರಲಿಲ್ಲ. ಬಹುಮಾನವಿರಲಿ, ಶಿಕ್ಷೆಯಿರಲಿ, ಕೊಟ್ಟವರು ನಾವು ಕೊಟ್ಟು ಮುಗಿಸುತ್ತೇವೆ. ಆ ಕಡೆ ಏನು ತಲುಪಿತು ಎಂದು ಕೇಳುವವರು ಯಾರು?

ಕೇಳಿದೆ. "ಹಂಗಾರ ಏನಂತ ಹೊಗಳ್ಲಿ, ನೀನ ಹೇಳು."

ವಸಂತ ಮೂಗು ಒರೆಸಿಕೊಂಡು ಯೋಚಿಸಿದ. "ಏನೂ ಅನಬ್ಯಾಡ ಅಜ್ಜಿ. ಬಾಲ್ದಿ ವಜ್ಜಾ ಆಗತದ. ಒಂದ್ ಕಡೆ ನೀ ಹಿಡಿ."

ಹಿಡಿದೆ. ನಳದ ಬಳಿ ಯಾರೋ ಏನೋ ಕೂಗಿದರು. ಅವನು ತಿರುಗಿ ನೋಡಲಿಲ್ಲ, ನಾನೂ ನೋಡಲಿಲ್ಲ. ನೀರು ನಿಲ್ಲುವ ಮೊದಲು ಹಂಡೆ ತುಂಬಿತು.

ಹಂಡೆಗೆ ಮುಚ್ಚಳ ಹಾಕಿದೆ. ನನ್ನ ಬಾಯಿಗೂ.