ಎಣ್ಣೆ ತಲೆಗೆ ಸ್ಟ್ರೇಟ್ನರ್

ಉಪ್ಸಾಲಾದಲ್ಲಿ ನಮ್ಮ ಲ್ಯಾಬಿನ ಪಾರ್ಟಿ ಇದ್ದ ದಿನ, ಹಾಸ್ಟೆಲಿನ ಪಕ್ಕದ ರೂಮಿನ ಲಿನ್ನೆಯಾ, ಇದರಲ್ಲೇ ಸುರುಳಿಯನ್ನೂ ಮಾಡಬಹುದು ಅಂತ, ಸ್ಟ್ರೇಟ್ನರ್ ಹಿಡಿದು ಬಂದು ನನ್ನ ಜಡೆ ಬಿಚ್ಚಿಸಿದಳು. ನನ್ನದು ಬಾಚಣಿಗೆಯ ಹಲ್ಲು ಮುರಿಯುವಂಥ ಪೊದೆಗೂದಲು. ಒಂದು ಎಳೆಯನ್ನು ಬಿಸಿ ಪಟ್ಟಿಗಳ ನಡುವೆ ಹಿಡಿದು, ತಿರುಚಿ ಎಳೆದಳು. ಕೂದಲು ಚೆಂದವಾಗಿ ಸುರುಳಿಯಾಯಿತು, ಜೊತೆಗೆ ಚುಂಯ್ ಅಂತು.

"ಏನಾದರೂ ಹಚ್ಚಿದ್ದೀಯಾ?" ಅಂತ ಕೇಳಿದಳು.

"ಏನೂ ಇಲ್ಲ" ಅಂದೆ. ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ ನಿಜ, ಆದರೆ ನನ್ನ ಲೆಕ್ಕದಲ್ಲಿ ಎಣ್ಣೆ ಕೂದಲಿನದೇ ಭಾಗ, ಬೇರೆ ಏನೋ ಹಚ್ಚಿದ ಹಾಗಲ್ಲ.

ಅರ್ಧ ತಲೆ ಮುಗಿಯುವಷ್ಟರಲ್ಲಿ ಹೊಗೆ ಎದ್ದು, ಸೀಲಿಂಗಿನ ಅಲಾರಂ ಕೂಗಿ, ಇಡೀ ಹಾಸ್ಟೆಲು ಕಾಲುಚೀಲದಲ್ಲೇ ಅಂಗಳಕ್ಕೆ ಇಳಿಯಿತು. ಒಂದು ಕಡೆ ಸುರುಳಿ, ಇನ್ನೊಂದು ಕಡೆ ಪೊದೆ ಹೊತ್ತು ನಾನೂ ನಿಂತೆ. ಎಲ್ಲರೂ ಮರ್ಯಾದೆಯಿಂದ ನನ್ನ ತಲೆಯೊಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದರು. ಕೊನೆಗೆ ಎದುರು ರೂಮಿನ ಎರಿಕ್ ಮೆಲ್ಲಗೆ ಕೇಳಿದ, "ಏನು ಕರೀತಾ ಇದ್ರಿ? ವಾಸನೆ ಚೆನ್ನಾಗಿತ್ತು."

ಲಿನ್ನೆಯಾ ನನ್ನ ಮುಖ ನೋಡಿದಳು. ನಾನು "ಹಪ್ಪಳ" ಅಂದೆ.

ಈಗ ಪ್ರತಿ ಶುಕ್ರವಾರ ಫಿಕಾಗೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಎರಿಕ್‌ಗೆ ಹಪ್ಪಳ ಕರಿದು ಕೊಡಬೇಕು. ಬಾಣಲೆ ತುಂಬ ಎಣ್ಣೆ ಕಾಯಿಸಿದರೂ ಆ ಅಲಾರಂ ಇವತ್ತಿನವರೆಗೆ ಒಂದು ಸಲವೂ ಕೂಗಿಲ್ಲ.