ದೋನ್ಯಾ ಪಿಲಾರಳ ಬೀಸಣಿಗೆ

ಸೊಚಿಮಿಲ್ಕೊ ಊರಿನ ಕಾಲುವೆ ದಂಡೆಯಲ್ಲಿ ನನ್ನ ನೆರೆಯವನಾದ ಹಸಿಂತೊಗೆ ಯಾರಿಗೂ ‘ಬೇಡ’ ಎನ್ನಲು ಬರುವುದಿಲ್ಲ. ಅವನ ದೋಣಿ ಸದಾ ಬೇರೆಯವರ ಬಳಿಯೇ ಇರುತ್ತದೆ. ಇಂಥವರನ್ನು ನಾನು ಸುಲಭವಾಗಿ ಹೊಗಳುವವಳಲ್ಲ.

ಹೋದ ಚಳಿಗಾಲದಲ್ಲಿ ಅವನ ಹೆಂಡತಿ ಒತಿಲಿಯ ತೀರಿಕೊಂಡಳು. ನವೆಂಬರಿನಲ್ಲಿ ಸತ್ತವರ ಹಬ್ಬ; ತೀರಿಕೊಂಡವರು ಅಂದು ಮನೆಗೆ ಬಂದುಹೋಗುತ್ತಾರೆ. ಮೊದಲ ಸಲ ಮನೆಗೆ ಮರಳುವ ಅವಳಿಗೆ, ಬಾಗಿಲಿನಿಂದ ಎಡೆ ಇಡುವ ಮೇಜಿನವರೆಗೆ ಚೆಂಡುಹೂವಿನ ದಾರಿ ಹಾಸಬೇಕು. ಅದೂ ಅವಳೇ ಕೂಡಿಟ್ಟ ಬೀಜದ ಹೂವು. ಬೀಜ ಇದ್ದದ್ದು ಒಂದು ಹಿಡಿ. ಜುಲೈನಲ್ಲಿ ಹಸಿಂತೊ ಕಾಲುವೆಯ ಕೆಸರನ್ನು ಮಡಿಯಾಗಿ ಹರಡಿ, ಚೌಕ ಚೌಕವಾಗಿ ಕೊಯ್ದು, ಎಲ್ಲವನ್ನೂ ಬಿತ್ತಿದ. ಮಳೆಗೆ ಅಡ್ಡವಾಗಿ ಪ್ಲಾಸ್ಟಿಕ್ ಹೊದಿಸಿದ.

ಸಸಿಗಳು ಎರಡೆಲೆ ಬಿಡುವಷ್ಟರಲ್ಲಿ ಒಂದು ಮೂಲೆಯವು ಬುಡ ದಾರದಂತೆ ಸಣಕಲಾಗಿ ಮಲಗಿಬಿಟ್ಟವು. ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ನನ್ನನ್ನು ಕರೆದ.

“ಬೂಷ್ಟು ರೋಗ ಕಣೋ. ಬಿದ್ದದ್ದು ಏಳಲ್ಲ. ಆ ಚೌಕಗಳನ್ನೂ ಅದರ ಪಕ್ಕದವನ್ನೂ ಕಿತ್ತು ದೂರ ಎಸಿ. ಪ್ಲಾಸ್ಟಿಕ್ ಎತ್ತರಕ್ಕೆ ಕಟ್ಟು, ಗಾಳಿ ಆಡ್ಲಿ. ಮೇಲ್ಮಣ್ಣು ಒಣಗೋವರೆಗೆ ನೀರು ಹಾಕ್ಬೇಡ. ಇಷ್ಟೊಂದು ಯಾಕೆ ಸುರಿದೆ?”

“ನಾನು ಹಾಕೇ ಇಲ್ಲ, ಟೀಚರಮ್ಮ.”

ಅಷ್ಟರಲ್ಲಿ ಒತಿಲಿಯಳ ತಾಯಿ ದೋನ್ಯಾ ಪಿಲಾರ್ ತುಂಬಿದ ಚೊಂಬು ಹಿಡಿದು ಬಂದಳು.

“ದಾರಿ ಬಿಡಪ್ಪ. ನನ್ನ ಮಗಳ ಕೂಸುಗಳು ಬಾಯಾರಿವೆ. ನಾನು ನೋಡ್ದಿದ್ರೆ ಯಾರು ನೋಡ್ತಾರೆ?”

ನಾನು ಬಾಯಿ ತೆರೆದೆ. ಹಸಿಂತೊ ನನ್ನ ಕಾಲು ತುಳಿದ, ಬೂಟಿನಲ್ಲಿ.

“ಅತ್ತೆ, ಅವಕ್ಕೀಗ ಬಾಯಾರಿಕೆ ಇಲ್ಲ, ಸೆಖೆ. ಗಾಳಿ ಬೇಕಂತೆ, ಟೀಚರಮ್ಮನೇ ಹೇಳಿದ್ರು. ನಿಮ್ಮ ಒಲೆ ಬೀಸಣಿಗೆ ತರ್ತೀರಾ? ನನ್ ಕೈಲಿ ಆಗಲ್ಲ.”

“ನಿನ್ ಕೈಲಿ ಏನಾಗುತ್ತೆ ಹೇಳು!” ಎಂದು ಅವಳು ಚೊಂಬನ್ನು ಅಲ್ಲೇ ಇಟ್ಟು ಓಡಿದಳು. ಅವಳು ಬರುವುದರೊಳಗೆ ಅವನು ಅರ್ಧ ಮಡಿಯನ್ನು ಕಿತ್ತು ಸಾಗಿಸಿದ.

ಅಂದಿನಿಂದ ಮುದುಕಿ ಸ್ಟೂಲು ಹಾಕಿಕೊಂಡು, ಅಳಿಯನನ್ನು ಬೈಯುತ್ತ, ಸಸಿಗಳಿಗೆ ಗಾಳಿ ಹಾಕಿದಳು. ಮೇಲ್ಮಣ್ಣು ಒಣಗಿತು. ರೋಗ ಮುಂದೆ ಹಬ್ಬಲಿಲ್ಲ.

ಹಬ್ಬದ ದಿನ, ಉಳಿದ ಅರ್ಧ ಮಡಿಯ ಹೂ ಸಾಲದೆ, ಹೂವಿನ ದಾರಿ ಕೋಣೆಯ ನಡುವೆಯೇ ಮುಗಿಯಿತು.

“ಇಷ್ಟೇನಾ? ನನ್ನ ಮಗಳು ಅರ್ಧದಲ್ಲಿ ನಿಂತ್ಕೋಬೇಕಾ?” ಎಂದಳು ದೋನ್ಯಾ ಪಿಲಾರ್.

ಸಂತೆಯಿಂದ ಹೂ ತರುತ್ತೇನೆಂದೆ.

“ಬೇಡ” ಎಂದ ಹಸಿಂತೊ. ಅವನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಮೇಜಿನ ಒಂದು ಬದಿ ಹಿಡಿದ. “ಟೀಚರಮ್ಮ, ಆ ಕಡೆ ಎತ್ತಿ.”

ಮೇಣದ ಬತ್ತಿ, ಫೋಟೊ, ಎಡೆ ಎಲ್ಲದರ ಸಮೇತ ಅದನ್ನು ಹೂವು ಮುಗಿದಲ್ಲಿಗೆ ತಂದಿಟ್ಟೆವು.